ಕೆನ್ನೆ ಕೆಂಪಿಗೆ ವೈನ್ ಕಾರಣವೋ, ಬಿಸಿ ಕಾಪಿ ಕಾರಣವೋ?

ಮಂಜಿನೂರವಳು:

ಹೋದ ತಿಂಗಳು ನಮ್ಮ ಸಹಕಾರ ಸಂಘಕ್ಕೆ ಬೆಳೆಸಾಲ ರಿನ್ಯೂ ಮಾಡಿಸೋಕೆ ಬಂದಿದ್ದ ಹಿರಿಯರೊಬ್ಬರು ಸಹಿ ಹಾಕೋ ಪೆನ್ನನ್ನ ಹಾಗೇ ಗಾಳೀಲಿ ನಿಲ್ಲಿಸಿ, ನನ್ನ ಮುಖ ನೋಡಿ, "ಏನಮ್ಮಾ, ಬೆಳಗ್ಗೆ ಬೆಳಗ್ಗೇನೇ ಹಾಕ್ಕೊಂಡು ಬಂದಿದ್ದೀಯಾ?" ಅಂದ್ರು. ತಮಾಷೆಗೇ ಅಂದಿದ್ದು. ಸಾಲಲ್ಲಿ ನಿಂತಿದ್ದ ನಾಲ್ಕು ಜನ ನಕ್ಕರು, ನಾನೂ ನಕ್ಕೆ. ಆಗ ಗಂಟೆ ಹತ್ತೂಕಾಲು. ಅಷ್ಟೊತ್ತಿಗೆ ನಾನು ಹಾಕ್ಕೊಂಡಿದ್ದು ಮೂರು ಲೋಟ ಬೆಲ್ಲದ ಕಾಪಿ ಮಾತ್ರ.

ನನಗೆ 47 ವರ್ಷ. ಮಡಿಕೇರಿಯಿಂದ ಸ್ವಲ್ಪ ಒಳಗೆ ಮನೆ, ಸಣ್ಣ ಕಾಫಿ ತೋಟ. ಸಂಘದಲ್ಲಿ ಲೆಕ್ಕ ಬರೆಯೋ ಕೆಲಸ. ಈ ಮುಖದ ಕಥೆ ಶುರುವಾಗಿ ಆರು ವರ್ಷ ಆಯ್ತು. ಮೊದಲು ಬರೀ ಬಿಸಿ ಏರ್ತಿತ್ತು. ಒಲೆ ಮುಂದಿಂದ ಎದ್ದರೆ, ತೋಟದ ಏರು ಹತ್ತಿ ಬಂದರೆ, ಎರಡೂ ಕೆನ್ನೆ, ಮೂಗಿನ ತುದಿ ಕೆಂಡದ ಹತ್ತಿರ ಹಿಡಿದ ಹಾಗೆ ಆಗೋದು. ಅರ್ಧ ಗಂಟೆಗೆ ಇಳೀತಿತ್ತು. ಆಮೇಲಾಮೇಲೆ ಇಳಿಯೋದೇ ನಿಂತುಹೋಯ್ತು. ಈಗ ಕನ್ನಡಿಗೆ ಹತ್ತಿರ ಹೋದರೆ ಮೂಗಿನ ಪಕ್ಕದಲ್ಲಿ ಕೆಂಪು ದಾರದ ಎಳೆ ಥರ ರಕ್ತನಾಳ ಕಾಣುತ್ತೆ. ಮಧ್ಯೆ ಮಧ್ಯೆ ಸಣ್ಣ ಗುಳ್ಳೆ, ಕೆಲವಕ್ಕೆ ಕೀವಿನ ತಲೆ. ಸೋಪು ತಾಗಿದರೆ ಚುರುಚುರು.

ಮೊಡವೆ ಅಂತ ಅಂದುಕೊಂಡೆ. ಮಗಳಿಗೆ ಮೊಡವೆ ಬರೋ ವಯಸ್ಸಲ್ಲಿ ನನಗೆ ಯಾಕಪ್ಪಾ ಅಂತ ನಾಚಿಕೆ ಬೇರೆ. ಪಕ್ಕದ ಮನೆಯವರು ಒಂದು ಟ್ಯೂಬಿನ ಹೆಸರು ಹೇಳಿದ್ರು, ಮೆಡಿಕಲ್ ಶಾಪಲ್ಲಿ ಚೀಟಿ ಕೇಳದೆ ಕೊಟ್ರು. ಒಂದೇ ವಾರಕ್ಕೆ ಮುಖ ತಿಳಿಯಾಯ್ತು. ದೇವರು ಸಿಕ್ಕ ಹಾಗಾಯ್ತು ನನಗೆ. ಮೂರು ತಿಂಗಳು ಬಿಡದೆ ಹಚ್ಚಿದೆ. ಟ್ಯೂಬ್ ಮುಗಿದು ಐದನೇ ದಿನಕ್ಕೆ ಮುಖ ಹೇಗಾಯ್ತು ಅಂದ್ರೆ, ಎರಡು ದಿನ ರಜೆ ಹಾಕಿ ಒಳಗೇ ಕೂತೆ.

ಕೊನೆಗೆ ಮೈಸೂರಿಗೆ ಹೋದೆ. ಚರ್ಮದ ಡಾಕ್ಟರ್ ಎರಡು ನಿಮಿಷ ನೋಡಿ "ರೊಸೇಶಿಯ" ಅಂದ್ರು. ಮೆಟ್ರೊನಿಡಜೋಲ್ ಜೆಲ್ ಮತ್ತೆ ಸನ್‌ಸ್ಕ್ರೀನ್ ಬರೆದು, ಚೀಟಿ ಹಿಂದೆ "ಬಿಸಿಲು, ಖಾರ, ಬಿಸಿ ಪಾನೀಯ, ಮದ್ಯ" ಅಂತ ಬರೆದು ನಾಲ್ಕಕ್ಕೂ ಒಂದೇ ಗೀಟು ಎಳೆದ್ರು. ಹೊರಗಡೆ ಬೆಂಚು ತುಂಬಿತ್ತು. ಕೇಳಬೇಕಾಗಿದ್ದೆಲ್ಲ ಗಂಟಲಲ್ಲೇ ಉಳೀತು, ಅದನ್ನೇ ಇಲ್ಲಿ ಕೇಳ್ತಿದ್ದೀನಿ.

ಮುಚ್ಚಿಟ್ಟು ಕೇಳಿದರೆ ಪ್ರಯೋಜನ ಇಲ್ಲ, ನೇರವಾಗೇ ಹೇಳ್ತೀನಿ. ನಮ್ಮನೇಲಿ ಪ್ರತಿ ವರ್ಷ ವೈನ್ ಹಾಕ್ತೀವಿ. ಕಪ್ಪು ದ್ರಾಕ್ಷಿ, ಸಕ್ಕರೆ, ಯೀಸ್ಟು, ಒಂದು ಹಿಡಿ ಗೋಧಿ, ನಾಲ್ಕು ಲವಂಗ, ಎರಡು ತುಂಡು ಚಕ್ಕೆ. ಅತ್ತೆ ಕಾಲದ ಭರಣಿ. 21 ದಿನ ಮರದ ಸೌಟಲ್ಲಿ ತಿರುವಬೇಕು, ಆ ಕೆಲಸ ನಂದೇ. ಶನಿವಾರ ಸಂಜೆ ಒಂದು ಸಣ್ಣ ಗ್ಲಾಸು, ಅದೂ ಎಲ್ಲಾ ಶನಿವಾರ ಇಲ್ಲ. ಮದುವೆ ಮನೇಲಿ ಒತ್ತಾಯ ಮಾಡಿದರೆ ಒಂದು ಸಣ್ಣ ಪೆಗ್ ವಿಸ್ಕಿ. ನಮ್ಮ ಕಡೆ ಹೆಂಗಸರು ತಗೊಂಡ್ರೆ ಯಾರೂ ಹುಬ್ಬು ಏರಿಸಲ್ಲ.

ಕಾಪಿ ಮಾತ್ರ ದಿನಕ್ಕೆ ಆರು ಲೋಟ. ಹಾಲಿಲ್ಲ, ಬೆಲ್ಲ ಹಾಕಿದ್ದು, ಒಲೆಯಿಂದ ಇಳಿಸಿದ ಕೂಡಲೇ. ಸೆರಗಲ್ಲಿ ಲೋಟ ಹಿಡ್ಕೊಂಡು ಉಫ್ ಉಫ್ ಅಂತ ಕುಡಿಯೋದು. ಆರಿದ ಕಾಪೀನ ನಮ್ಮತ್ತೆ ಕಲಗಚ್ಚು ಅಂತಾರೆ.

ಈಗ ಮನೇಲಿ ಎರಡು ಪಕ್ಷ. ಮಗಳು (ಮಂಗಳೂರಲ್ಲಿ ಓದ್ತಿದ್ದಾಳೆ) ಫೋನಲ್ಲಿ ದಿನಾ "ಅಮ್ಮಾ, ವೈನ್ ಬಿಡು" ಅಂತಾಳೆ. ಅತ್ತೆ "ವೈನ್ ನಾನೂ ಐವತ್ತು ವರ್ಷದಿಂದ ಕುಡೀತಿದ್ದೀನಿ, ನನ್ನ ಕೆನ್ನೆ ನೋಡು. ನಿಂದು ಕಾಪಿ ಉಷ್ಣ" ಅಂತಾರೆ. ಯಜಮಾನ್ರು ಯಾವ ಪಕ್ಷಕ್ಕೂ ಸೇರದೆ ಪೇಪರ್ ಓದ್ತಾರೆ.

ಲೆಕ್ಕ ಬರೆಯೋಳು ನಾನು, ಅಡುಗೆಮನೆ ಕ್ಯಾಲೆಂಡರಲ್ಲೇ ಲೆಕ್ಕ ಇಟ್ಟೆ. ಹಾಲಿನ ಲೆಕ್ಕ ಬರೆಯೋ ಚೌಕದ ಮೂಲೆಯಲ್ಲಿ, ಮುಖ ಉರಿದ ದಿನ ಕೆಂಪು ಚುಕ್ಕಿ, ವೈನ್ ಅಥವಾ ಪೆಗ್ ತಗೊಂಡ ದಿನ ನೀಲಿ ಚುಕ್ಕಿ. 11 ವಾರ, ಅಂದ್ರೆ 77 ದಿನ. ಕೆಂಪು ಒಟ್ಟು 23, ನೀಲಿ 9. ಎರಡೂ ಒಟ್ಟಿಗೆ ಬಿದ್ದಿದ್ದು 6 ದಿನ.

ಅತ್ತೆ ಹೇಳೋದು, 23ರಲ್ಲಿ 17 ದಿನ ನೀನು ವೈನ್ ಮುಟ್ಟೇ ಇಲ್ಲ, ಮತ್ತೆ ವೈನ್ ಮೇಲೆ ಯಾಕೆ ಅಪವಾದ? ಮಗಳು ಅದೇ ಕ್ಯಾಲೆಂಡರ್ ಫೋಟೋ ನೋಡಿ ಹೇಳೋದು, ಕುಡಿದ 9 ದಿನದಲ್ಲಿ 6 ಸಲ ಉರಿದಿದೆ, ಕುಡಿಯದ 68 ದಿನದಲ್ಲಿ 17 ಸಲ. ಮೂರರಲ್ಲಿ ಎರಡು ಎಲ್ಲಿ, ನಾಲ್ಕರಲ್ಲಿ ಒಂದು ಎಲ್ಲಿ? ಇಬ್ಬರ ಲೆಕ್ಕವೂ ತಾಳೆ ಆಗುತ್ತೆ. ನನಗೆ ತಲೆ ಕೆಟ್ಟಿದೆ.

ವೈನಿಂದಲೇ ಈ ಕಾಯಿಲೆ ಬಂತಾ? ಬಿಟ್ಟರೆ ಹೋಗುತ್ತಾ? ಕಾಪಿ ಬಿಡಬೇಕಾ ಅಥವಾ ಬಿಸಿ ಬಿಟ್ಟರೆ ಸಾಕಾ? ಜೆಲ್ ಹಚ್ಚುವಾಗ ವೈನ್ ತಗೊಂಡ್ರೆ ಏನಾದ್ರೂ ಆಗುತ್ತಾ? ಅನುಭವ ಇದ್ದವರು ದಯವಿಟ್ಟು ಹೇಳಿ.


ನೇರಮಾತು:

ಮೊದಲು ಕುಡಿಯೋದು ಬಿಡಿ ಮೇಡಂ, ಆಮೇಲೆ ಪ್ರಶ್ನೆ ಕೇಳಿ. ನಮ್ಮ ಚಿಕ್ಕಪ್ಪನ ಮೂಗೂ ಹೀಗೇ ಕೆಂಪಗಿತ್ತು, ಕುಡಿದೇ ಹೋದರು. ಮುಖ ನೋಡಿದರೆ ಗೊತ್ತಾಗುತ್ತೆ.


ಮಂಜಿನೂರವಳು:

ಚಿಕ್ಕಪ್ಪನ ವಿಷಯ ಓದಿ ಬೇಜಾರಾಯ್ತು ಸಾರ್. ಆದ್ರೆ "ಮುಖ ನೋಡಿದರೆ ಗೊತ್ತಾಗುತ್ತೆ" ಅಂದಿರಲ್ಲ, ಕೌಂಟರ್ ಹತ್ತಿರ ನಕ್ಕ ನಾಲ್ಕು ಜನಕ್ಕೂ ಹಾಗೇ ಗೊತ್ತಾಗಿದ್ದು. ಬಿಡಬೇಕು ಅಂದ್ರೆ ಬಿಡ್ತೀನಿ. ಯಾಕೆ ಅಂತ ತಿಳ್ಕೊಂಡು ಬಿಡ್ತೀನಿ.


ನಿವೃತ್ತ ಚರ್ಮವೈದ್ಯ:

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಚರ್ಮದ ವಿಭಾಗದಲ್ಲಿ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ಮುಖ ನೋಡದೆ ಔಷಧ ಹೇಳುವ ಅಭ್ಯಾಸ ನನಗಿಲ್ಲ, ಅದನ್ನು ನಿಮ್ಮ ಡಾಕ್ಟರೇ ಹೇಳಲಿ. ಆದರೆ ಇಂಥ ಕ್ಯಾಲೆಂಡರ್ ತಂದು ತೋರಿಸುವ ರೋಗಿ ನನಗೆ ವರ್ಷಕ್ಕೆ ಒಬ್ಬರು ಸಿಕ್ಕಿದ್ದರೆ ಹೆಚ್ಚು. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ನೋಡಮ್ಮ, ಬೆಂಕಿ ಹಚ್ಚಿದವರು ಬೇರೆ, ಉರಿಯುವುದಕ್ಕೆ ತುಪ್ಪ ಸುರಿದವರು ಬೇರೆ. ರೊಸೇಶಿಯದಲ್ಲಿ ಮುಖದ ಸಣ್ಣ ರಕ್ತನಾಳಗಳೂ ಅವನ್ನು ಆಳುವ ನರಗಳೂ ಸುಮ್ಮಸುಮ್ಮನೆ ರೇಗುತ್ತವೆ, ಚರ್ಮದ ರೋಗನಿರೋಧಕ ವ್ಯವಸ್ಥೆ ಸಣ್ಣದಕ್ಕೂ ಎದ್ದು ಕೂರುತ್ತದೆ. ಮನೆತನದಲ್ಲಿ ಹರಿದು ಬರುವ ಒಲವೂ ಇದೆ. ಕೂದಲ ಬುಡದಲ್ಲಿ ಎಲ್ಲರಿಗೂ ಇರುವ ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ನುಸಿ ಈ ರೋಗಿಗಳಲ್ಲಿ ಹೆಚ್ಚು ಸಿಗುತ್ತದೆ. ಇಂಥ ಚರ್ಮದ ಮೇಲೆ ಬಿಸಿಲು, ಒಲೆ, ಖಾರ, ಸಿಟ್ಟು, ಮದ್ಯ ಎಲ್ಲವೂ ತುಪ್ಪವೇ. ಮದ್ಯ ರಕ್ತನಾಳವನ್ನು ಅಗಲಿಸುತ್ತದೆ. ಆರೋಗ್ಯವಂತರ ಮುಖವೂ ಅದರಿಂದ ಸ್ವಲ್ಪ ರಂಗೇರುತ್ತದೆ. ನಿಮ್ಮಂಥವರಲ್ಲಿ ಅದು ಹಿಂದಕ್ಕೆ ಇಳಿಯಲು ಒಪ್ಪುವುದಿಲ್ಲ.

ಹಾಗಂತ ಹಚ್ಚಿದವರ ಪೈಕಿ ಮದ್ಯ ಇಲ್ಲವೇ ಇಲ್ಲ ಎಂದೂ ಹೇಳುವಂತಿಲ್ಲ. ಅಮೆರಿಕದಲ್ಲಿ 82,737 ನರ್ಸ್‌ಗಳನ್ನು 14 ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ 4,945 ಮಂದಿಗೆ ಹೊಸದಾಗಿ ರೊಸೇಶಿಯ ಬಂದಿತ್ತು. ಮದ್ಯ ಮುಟ್ಟದವರಿಗೆ ಹೋಲಿಸಿದರೆ, ದಿನಕ್ಕೆ ಒಂದರಿಂದ ಐದು ಗ್ರಾಂ ಆಲ್ಕೋಹಾಲ್ ತೆಗೆದುಕೊಳ್ಳುವವರಲ್ಲಿ ಅಪಾಯ ಶೇ. 12ರಷ್ಟು ಹೆಚ್ಚು, 30 ಗ್ರಾಂ ದಾಟಿದವರಲ್ಲಿ ಶೇ. 53ರಷ್ಟು ಹೆಚ್ಚು. ನಮ್ಮ ಲೆಕ್ಕದಲ್ಲಿ 30 ಮಿಲಿಯ ಒಂದು ಸಣ್ಣ ಪೆಗ್ ವಿಸ್ಕಿಯಲ್ಲಿ ಹತ್ತು ಗ್ರಾಂ ಇರುತ್ತದೆ, ಅಂದರೆ ಪ್ರತಿದಿನ ಮೂರು ಪೆಗ್. ನೀವು ಆ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ. ಅದರಲ್ಲೊಂದು ಸ್ವಾರಸ್ಯ ಇದೆ. ಹೊಸದಾಗಿ ರೋಗ ಬರುವುದಕ್ಕೆ ಹೆಚ್ಚು ನಂಟು ಕಂಡದ್ದು ಬಿಳಿ ವೈನ್ ಮತ್ತು ವಿಸ್ಕಿ, ರಮ್ಮಿನಂಥ ಗಟ್ಟಿ ಮದ್ಯಕ್ಕೆ. ಆದರೆ ರೋಗ ಈಗಾಗಲೇ ಇರುವವರನ್ನು ಕೇಳಿ ನೋಡಿ, ಕೆಂಪು ವೈನನ್ನೇ ಬೈಯುತ್ತಾರೆ. ರೋಗ ತರುವುದೂ ಬಂದ ರೋಗವನ್ನು ಕೆರಳಿಸುವುದೂ ಒಂದೇ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಈಗ ಅತ್ತೆಯವರ ಕಡೆಗೆ ಬರೋಣ. ಅದೇ ನರ್ಸ್‌ಗಳ ಮಾಹಿತಿ ಇಟ್ಟುಕೊಂಡು 2018ರಲ್ಲಿ ಕಾಫಿಯ ಲೆಕ್ಕ ನೋಡಿದರು. ದಿನಕ್ಕೆ ನಾಲ್ಕು ಕಪ್ ಅಥವಾ ಅದಕ್ಕೂ ಹೆಚ್ಚು ಕುಡಿಯುವವರಲ್ಲಿ, ತಿಂಗಳಿಗೆ ಒಂದು ಕಪ್ಪೂ ಕುಡಿಯದವರಿಗಿಂತ ರೊಸೇಶಿಯ ಶೇ. 23ರಷ್ಟು ಕಡಿಮೆ! ಚಹಾದಲ್ಲಿ ಆ ಲಾಭ ಕಾಣಲಿಲ್ಲ. ಇದನ್ನು ಓದಿ ಯಾರೂ ಕಾಫಿಯನ್ನು ಔಷಧಿ ಎಂದು ಕುಡಿಯಬೇಡಿ, ಇದು ಬರೀ ನಂಟು. ಆದರೆ ಕಾಫಿಯೇ ಖಳನಾಯಕ ಎನ್ನುವ ಮಾತು ನಿಲ್ಲುವುದಿಲ್ಲ.

ಹಾಗಾದರೆ ನಿಮ್ಮ 17 ದಿನ? 1981ರಲ್ಲಿ ಅಮೆರಿಕದ ಜೊನಾಥನ್ ವಿಲ್ಕಿನ್ ಎಂಬ ಚರ್ಮವೈದ್ಯರು ಮಾಡಿದ ಪ್ರಯೋಗವನ್ನು ನಾನು ವಿದ್ಯಾರ್ಥಿಗಳಿಗೆ ಹೇಳದೆ ಬಿಟ್ಟದ್ದಿಲ್ಲ. ರೊಸೇಶಿಯ ಇದ್ದವರಿಗೆ 60 ಡಿಗ್ರಿ ಬಿಸಿಯ ಕಾಫಿ ಕೊಟ್ಟರು, ಮುಖ ಕೆಂಪಾಯಿತು. 22 ಡಿಗ್ರಿಗೆ ಆರಿದ ಕಾಫಿ ಕೊಟ್ಟರು, ಆಗಲಿಲ್ಲ. ಬರೀ ಕೆಫೀನ್ 200 ಮಿಲಿಗ್ರಾಂ ಕೊಟ್ಟರು, ಆಗಲಿಲ್ಲ. ಕೊನೆಗೆ 60 ಡಿಗ್ರಿಯ ಬರೀ ನೀರು ಕೊಟ್ಟರು, ಮತ್ತೆ ಕೆಂಪು. ಕಳ್ಳ ಸಿಕ್ಕಿಬಿದ್ದ. ಬಾಯಲ್ಲಿ ಬಿಸಿಯಾದ ರಕ್ತ ಕುತ್ತಿಗೆಯ ಸಿರೆಯಲ್ಲಿ ಕೆಳಗಿಳಿಯುವಾಗ, ಪಕ್ಕದಲ್ಲೇ ಮೇಲೆ ಹೋಗುವ ಅಪಧಮನಿಯ ರಕ್ತಕ್ಕೂ ಬಿಸಿ ದಾಟಿಸುತ್ತದೆ. ಮೆದುಳಿನಲ್ಲಿ ಮೈಯ ಬಿಸಿ ಅಳೆಯುವ ಭಾಗ, ಅಯ್ಯೋ ಮೈಯೆಲ್ಲ ಕಾದಿದೆ ಎಂದುಕೊಂಡು ಮುಖದ ರಕ್ತನಾಳಗಳನ್ನು ತೆರೆದುಬಿಡುತ್ತದೆ ಎಂದು ಇದಕ್ಕೆ ವಿವರಣೆ ಕೊಡುತ್ತಾರೆ. ಅತ್ತೆಯವರು "ಉಷ್ಣ" ಅಂದರಲ್ಲ, ಅದು ಕಾಫಿಯ ಗುಣ ಅಲ್ಲ, ನಿಮ್ಮ ಲೋಟದ್ದು. ಕಾಫಿ ಇಟ್ಟುಕೊಳ್ಳಿ, ಆರಿಸಿ ಕುಡಿಯಿರಿ.

ಮಗಳ ಲೆಕ್ಕವೂ ಸರಿಯೇ. ಒಂದೊಂದು ಗ್ಲಾಸಿಗೆ ಕೆರಳಿಸುವ ಶಕ್ತಿ ವೈನಿಗೇ ಹೆಚ್ಚು. ಆದರೆ ತಿಂಗಳ ಒಟ್ಟು ಉರಿಯಲ್ಲಿ ಅದರ ಪಾಲು ಸಣ್ಣದು, ಏಕೆಂದರೆ ಅದು ಅಪರೂಪ, ಕಾಫಿ ದಿನಕ್ಕೆ ಆರು ಸಲ. ವೈನ್ ಪೂರ್ತಿ ಬಿಟ್ಟರೂ ಮುಖ ಪೂರ್ತಿ ತಿಳಿಯಾಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಉರಿಯುವ ದಿನಗಳು ಕಡಿಮೆಯಾಗುತ್ತವೆ, ಅಷ್ಟು ಖಂಡಿತ. ಇದು ಬಂದು ಹೋಗುವ ನೆಗಡಿಯಲ್ಲ, ಹತೋಟಿಯಲ್ಲಿ ಇಟ್ಟುಕೊಂಡು ಬಾಳುವ ತೊಂದರೆ.

ನಿಮ್ಮ ಭರಣಿಯ ಚಕ್ಕೆ ನನ್ನ ಕಣ್ಣಿಗೆ ಬಿತ್ತು. ಚಕ್ಕೆಗೆ ಘಾಟು ಕೊಡುವ ಸಿನಮಾಲ್ಡಿಹೈಡ್ ಎಂಬ ಅಂಶವೂ ನರದ ತುದಿಗಳನ್ನು ಕೆರಳಿಸುವ ಪೈಕಿಯದೇ. ಮೆಣಸಿನಕಾಯಿಯ ಖಾರ ಇನ್ನೊಂದು ದಾರಿಯಿಂದ ಅದೇ ಕೆಲಸ ಮಾಡುತ್ತದೆ. ಮುಂದಿನ ಸಲ ಚಕ್ಕೆ ಇಲ್ಲದೆ ಹಾಕಿ ನೋಡಬಹುದು. ಹಾಗೆಯೇ ಆ ಸಂಜೆ ಎಲ್ಲಿ ಕೂತಿದ್ದಿರಿ, ಜೊತೆಗೆ ಏನು ತಿಂದಿರಿ ಎಂಬುದನ್ನೂ ಬರೆದುಕೊಳ್ಳಿ. ಒಲೆಯ ಮುಂದೆ, ಕಾಳುಮೆಣಸಿನ ಪಂದಿ ಕರಿಯ ಜೊತೆ ಕುಡಿದ ವೈನಿನ ಮೇಲೆ ಮಾತ್ರ ಕೇಸು ಹಾಕಿದರೆ ಅನ್ಯಾಯವಾಗುತ್ತದೆ.

ಜೆಲ್ ಬಗ್ಗೆ ಕೇಳಿದಿರಿ. ಮೆಟ್ರೊನಿಡಜೋಲ್ ಮಾತ್ರೆ ನುಂಗುವಾಗ ಮದ್ಯ ಬೇಡ ಎಂದು ಔಷಧಿಯ ಜೊತೆ ಬರುವ ಹಾಳೆಯಲ್ಲೇ ಎಚ್ಚರಿಕೆ ಇರುತ್ತದೆ, ವಾಂತಿ, ಎದೆಬಡಿತ ಆಗಬಹುದೆಂದು. ಮುಖಕ್ಕೆ ಹಚ್ಚುವ ಜೆಲ್‌ನಿಂದ ರಕ್ತಕ್ಕೆ ಸೇರುವುದು ತೀರಾ ಅಲ್ಪ. ಆದರೂ ನಿಮ್ಮ ಡಾಕ್ಟರಿಗೆ ವೈನ್ ವಿಷಯ ಹೇಳಿಬಿಡಿ. ಮುಂದೊಮ್ಮೆ ಹಲ್ಲಿಗೋ ಹೊಟ್ಟೆಗೋ ಅದೇ ಔಷಧಿಯ ಮಾತ್ರೆ ಕೊಟ್ಟರೆ ನೆನಪಿರಲಿ.

ಇನ್ನೆರಡು ಮಾತು. 47 ಅಂದಿರಿ, ಮುಟ್ಟು ನಿಲ್ಲುವ ವಯಸ್ಸಿನ ಬಿಸಿ ಏರಿಕೆ ಇದರ ಜೊತೆ ಕೈಜೋಡಿಸುತ್ತದೆ. ಕಾರಣವೇ ಸಿಗದ ಚುಕ್ಕಿಗಳಲ್ಲಿ ಕೆಲವು ಅವೇ ಇರಬಹುದು. ಕಣ್ಣಲ್ಲಿ ಮರಳು ಬಿದ್ದ ಹಾಗೆ, ರೆಪ್ಪೆಯ ಅಂಚು ಕೆಂಪಗೆ ಇದ್ದರೆ ತಡ ಮಾಡದೆ ಕಣ್ಣಿನವರಿಗೆ ತೋರಿಸಿ, ಈ ಕಾಯಿಲೆ ಕಣ್ಣಿಗೂ ಹೋಗುತ್ತದೆ. ಓದುತ್ತಿರುವ ಉಳಿದವರಿಗೂ ಒಂದು ಮಾತು. ನಮ್ಮ ಕಂದು ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಉರಿ, ಬಿಸಿ, ಚುಚ್ಚುವಿಕೆ, ಗುಳ್ಳೆ ಇಷ್ಟೇ ಇರುತ್ತದೆ, ಎಷ್ಟೋ ಜನ ವರ್ಷಗಟ್ಟಲೆ ಮೊಡವೆ ಎಂದೇ ಔಷಧಿ ಮಾಡುತ್ತಾರೆ. ಮೊಡವೆಯಲ್ಲಿ ಕಾಣುವ ಕಪ್ಪು ತಲೆಯ ಮುಚ್ಚಿದ ರಂಧ್ರ ಇದರಲ್ಲಿ ಇರುವುದಿಲ್ಲ.


ಉಡುಪಿಯ ಅಡುಗೆಯವ:

ಡಾಕ್ಟ್ರು ಹೇಳಿದ್ದು ಓದಿ ನನಗೆ ಬರೆಯದೆ ಇರ್ಲಿಕ್ಕೆ ಆಗ್ಲಿಲ್ಲ ಮಾರಾಯ್ರೆ. ನಾನು ಮದುವೆ, ಉಪನಯನ, ಜಂಬ್ರಗಳ ಅಡುಗೆಯವ. ಜೀವಮಾನದಲ್ಲಿ ಒಂದು ಹನಿ ಮುಟ್ಟಿದವ ಅಲ್ಲ. ಕಾಫಿ ಸಹ ಎರಡೇ ಲೋಟ. ಆದ್ರೆ ಮೂವತ್ತು ವರ್ಷ ಕಟ್ಟಿಗೆ ಒಲೆಯ ಎದುರು ಕೊಪ್ಪರಿಗೆಯಲ್ಲಿ ಸೌಟು ಹಾಕಿದ್ದೇನೆ. ಮುಖ ಮೊದಲು ಕೆಂಪಾಯ್ತು, ಆಮೇಲೆ ಮೂಗು ದಪ್ಪ ಆಗ್ಲಿಕ್ಕೆ ಶುರು. ಕಿತ್ತಳೆ ಸಿಪ್ಪೆ ಹಾಗೆ ತೂತು ತೂತು, ತುದಿಯಲ್ಲಿ ಗಂಟು ಗಂಟು.

ಅಕ್ಕಾ, ನಿಮಗೆ ಕೌಂಟರಿನಲ್ಲಿ ಒಬ್ಬರು ಹೇಳಿದ್ದು. ನನಗೆ ಒಂದು ಮನೆಯವರು ಅಡುಗೆ ಮಾತಾಡ್ಲಿಕ್ಕೆ ಬಂದು, ಮುಂಗಡ ಕಿಸೆಯಿಂದ ತೆಗೆದವರು ನನ್ನ ಮೂಗು ನೋಡಿ ವಾಪಸ್ ಕಿಸೆಗೆ ಹಾಕಿದ್ದು ಉಂಟು. "ಮತ್ತೆ ಫೋನ್ ಮಾಡ್ತೇವೆ" ಅಂದ್ರು. ದೇವಸ್ಥಾನದ ಅಡುಗೆ ಮಾಡುವವನಿಗೆ ಹೀಗೆ ಹೆಸರು ಬಂದ್ರೆ ಎಂತ ಮಾಡುವುದು? ಮಗಳ ಸಂಬಂಧ ಬಂದಾಗ ಹುಡುಗನ ಮಾವ ನನ್ನ ಊರಿನಲ್ಲಿ ಎರಡು ಅಂಗಡಿಯಲ್ಲಿ ವಿಚಾರಿಸಿ ಹೋಗಿದ್ದಾರೆ, ಇವ ಕುಡಿತಾನಾ ಅಂತ. ಸಂಬಂಧ ಆಯ್ತು, ಅದು ಬೇರೆ ಮಾತು. ಈಗ ಅದೇ ಮನುಷ್ಯ ನನ್ನ ಹೋಳಿಗೆಗೆ ಕಾಯ್ತಾರೆ.

ಮೂಗಿನದ್ದು ಮೂರು ವರ್ಷದ ಹಿಂದೆ ಲೇಸರಿನಲ್ಲಿ ಕೆತ್ತಿ ತೆಗೆದ್ರು. ಮರಗೆಲಸದವ ಉಳಿ ಹಾಕಿದ ಹಾಗೆ, ಪದರ ಪದರ. ಗಾಯ ಒಣಗ್ಲಿಕ್ಕೆ ಮೂರು ವಾರ ಹಿಡಿಯಿತು. ಈಗ ಬಹಳ ವಾಸಿ.

ಕೆಲಸ ಬಿಡ್ಲಿಕ್ಕೆ ಆಗುವುದಿಲ್ಲ, ಹಾಗಾಗಿ ನಾನು ಮಾಡುವುದು ಹೇಳ್ತೇನೆ. ಒಲೆ ಎದುರು ನಿಲ್ಲುವಾಗ ಬಾಯಲ್ಲಿ ಐಸಿನ ತುಂಡು ಇಟ್ಕೊಳ್ತೇನೆ. ಇದು ಡಾಕ್ಟ್ರೇ ಹೇಳಿಕೊಟ್ಟದ್ದು, ಬಾಯಿ ತಂಪಾದ್ರೆ ಮುಖಕ್ಕೆ ಏರುವುದು ಕಡಿಮೆ ಆಗ್ತದೆ. ಕುತ್ತಿಗೆಗೆ ಒದ್ದೆ ಬೈರಾಸ. ಮತ್ತೊಂದು, ಸಾರಿನ ರುಚಿ ನೋಡುವಾಗ ಸೌಟಿನಿಂದ ಸೀದಾ ಬಾಯಿಗೆ ಹಾಕುವುದು ಬಿಟ್ಟೆ. ಚಿಕ್ಕ ಬಟ್ಟಲಿಗೆ ಹಾಕಿ, ಆರಿದ ಮೇಲೆ ನೋಡುವುದು. ಮೊದಮೊದಲು ಉಪ್ಪಿನ ಅಂದಾಜು ತಪ್ಪಿತು, ಆರಿದ ಸಾರಿಗೆ ಉಪ್ಪು ಜಾಸ್ತಿ ಕಾಣ್ತದೆ. ಎರಡು ಮದುವೆಯಲ್ಲಿ ಸಾರು ಸಪ್ಪೆ ಅಂತ ಹೇಳಿಸಿಕೊಂಡೆ. ಈಗ ಅಭ್ಯಾಸ ಆಯ್ತು.

ನೇರಮಾತಿನವರೇ, ನನ್ನ ಮುಖ ನೋಡಿದ್ರೆ ನಿಮಗೆ ಎಂತ ಗೊತ್ತಾಗ್ತಿತ್ತು?


ನಿವೃತ್ತ ಚರ್ಮವೈದ್ಯ:

ಭಟ್ಟರೇ, ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಇಟಲಿಯ ಗಿರ್ಲಾಂಡಾಯೊ 1490ರ ಸುಮಾರಿಗೆ ಬರೆದ ಒಂದು ಚಿತ್ರ ಇದೆ. ಮುದುಕನೊಬ್ಬ, ನಿಮ್ಮದೇ ಥರದ ಗಂಟುಗಂಟು ಮೂಗು, ತೊಡೆಯ ಹತ್ತಿರ ನಿಂತ ಪುಟ್ಟ ಹುಡುಗ ತಲೆಯೆತ್ತಿ ಆ ಮುಖವನ್ನೇ ನೋಡುತ್ತಿದ್ದಾನೆ. ಹುಡುಗನ ಕಣ್ಣಲ್ಲಿ ಮೂಗಿನ ಬಗ್ಗೆ ಒಂದು ಚೂರೂ ಅಸಹ್ಯ ಇಲ್ಲ. ಈ ದಪ್ಪ ಮೂಗಿಗೆ ರೈನೊಫೈಮ ಎನ್ನುತ್ತಾರೆ, ಹೆಚ್ಚಾಗಿ ಗಂಡಸರಿಗೆ ಬರುತ್ತದೆ. ಕುಡುಕರ ಮೂಗು ಎಂಬ ಹೆಸರು ಯುರೋಪಿನಲ್ಲೂ ಹಳೆಯದೇ. ನಿಮ್ಮಂತೆ ಹನಿ ಮುಟ್ಟದವರ ಮೂಗನ್ನೂ ನಾನು ನೋಡಿದ್ದೇನೆ, ಒಬ್ಬಿಬ್ಬರದಲ್ಲ.


ಹಾಸನದ ಮೆಡಿಕಲ್ಸ್:

ಮೇಡಂ, ಮೂರು ತಿಂಗಳು ಹಚ್ಚಿದೆ ಅಂದ್ರಲ್ಲ ಆ ಟ್ಯೂಬು, ಅದರ ಬಗ್ಗೆ ಯಾರೂ ಮಾತಾಡ್ಲಿಲ್ಲ. ನಾನು ಕೌಂಟರಿನ ಈಚೆ ಕಡೆ ನಿಲ್ಲೋನು, ಅದಕ್ಕೇ ಹೇಳ್ತೀನಿ. ವಾರದಲ್ಲಿ ಮುಖ ತಿಳಿಯಾಗಿ, ಬಿಟ್ಟ ಕೂಡಲೇ ಬೆಂಕಿ ಆಯ್ತು ಅಂದ್ರೆ ನೂರಕ್ಕೆ ತೊಂಬತ್ತು ಅದು ಸ್ಟೀರಾಯ್ಡ್. ಹಳೇ ಟ್ಯೂಬ್ ಇದ್ರೆ ಹಿಂದುಗಡೆ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಬೆಕ್ಲೊಮೆಥಾಸೋನ್, ಇವುಗಳಲ್ಲಿ ಯಾವುದಿದ್ರೂ ಅದೇ. ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗಿ, ರೊಸೇಶಿಯ ಇಲ್ಲದವರಿಗೂ ರೊಸೇಶಿಯ ಥರದ್ದೇ ಬರುತ್ತೆ. ಇದ್ದವರಿಗಂತೂ ಕೇಳೋದೇ ಬೇಡ.

2018ರ ಮಾರ್ಚಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಸ್ಟೀರಾಯ್ಡ್ ಮುಲಾಮುಗಳನ್ನ ಚೀಟಿ ಇಲ್ಲದೆ ಮಾರೋ ಹಾಗಿಲ್ಲ ಅಂತ ಮಾಡ್ತು. ಆದ್ರೂ ಜನ ಖಾಲಿ ಟ್ಯೂಬನ್ನ ಜೇಬಿಂದ ತೆಗೆದು "ಇದೇ ಕೊಡಿ" ಅಂತಾರೆ. ಕೊಡಲ್ಲ ಅಂದ್ರೆ ಎದುರಿನ ಅಂಗಡಿಗೆ ಹೋಗ್ತಾರೆ, ನನಗೆ ಬೈಕೊಂಡು. ಒಂದು ಹುಡುಗಿ ಮದುವೆಗೆ ಹದಿನೈದು ದಿನ ಇದೆ ಅಂತ ಅಳ್ತಾ ನಿಂತಿದ್ಲು. ಕೊಡ್ಲಿಲ್ಲ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ, ನಿಜ ಹೇಳ್ತೀನಿ.


ಮಂಜಿನೂರವಳು (ಆರು ವಾರ ಆದ ಮೇಲೆ):

ಎಲ್ಲರಿಗೂ ನಮಸ್ಕಾರ. ಮೆಡಿಕಲ್ಸ್ ಅಣ್ಣ, ಹಳೇ ಟ್ಯೂಬು ಬೀರು ಹಿಂದೆ ಸಿಕ್ತು. ನೀವು ಹೇಳಿದ ಮೊದಲನೇ ಹೆಸರೇ. ಪಕ್ಕದ ಮನೆಯವರಿಗೂ ತೋರಿಸಿದೆ, ಅವರು ಈಗಲೂ ಹಚ್ತಿದ್ದಾರಂತೆ. ಮುಂದಿನ ವಾರ ಅವರನ್ನೂ ಮೈಸೂರಿಗೆ ಕರ್ಕೊಂಡು ಹೋಗ್ತಿದ್ದೀನಿ.

ಮಗಳು ಕೇಕಿಗೆ ಚುಚ್ಚೋ ಥರ್ಮಾಮೀಟರ್ ತಂದಿದ್ಲು. ಕಾಪಿ ಲೋಟಕ್ಕೆ ಬಗ್ಗಿಸಿದ ಕೂಡಲೇ 83 ಡಿಗ್ರಿ. ನಾನು ಮೊದಲನೇ ಗುಟುಕು ಎಳೆಯೋ ಹೊತ್ತಿಗೆ 71. ವಿಲ್ಕಿನ್ ಡಾಕ್ಟ್ರು ಕೊಟ್ಟಿದ್ದಕ್ಕಿಂತ 11 ಡಿಗ್ರಿ ಜಾಸ್ತಿ! ನೋಡಿ ನನಗೇ ಗಾಬರಿಯಾಯ್ತು. ಅವತ್ತಿಂದ ಎರಡು ಲೋಟದಲ್ಲಿ ಎತ್ತಿ ಎತ್ತಿ ಹೊಯ್ದು, 45ಕ್ಕೆ ಬಂದ ಮೇಲೆ ಕುಡೀತಿದ್ದೀನಿ. ಲೋಟ ಹಿಡಿಯೋಕೆ ಸೆರಗು ಬೇಡ ಅನ್ನೋ ಹೊತ್ತಿಗೆ ಸರಿಯಾಗಿ 45ರ ಹತ್ತಿರ ಇರುತ್ತೆ, ಈಗ ಥರ್ಮಾಮೀಟರ್ ಬೇಕಾಗಿಲ್ಲ. ಲೋಟಗಳ ಸಂಖ್ಯೆ ಕಡಿಮೆ ಮಾಡಿಲ್ಲ, ಆರು ಅಂದ್ರೆ ಆರೇ. ಮೊದಲನೇ ವಾರ ನಿಜವಾಗ್ಲೂ ಕಲಗಚ್ಚೇ ಅನ್ನಿಸ್ತು. ಈಗ ಬೆಲ್ಲದ ರುಚಿ ಸರಿಯಾಗಿ ಗೊತ್ತಾಗ್ತಿದೆ, ಮೊದಲು ನಾಲಿಗೆ ಸುಟ್ಟೇ ಹೋಗ್ತಿತ್ತೇನೋ.

ಲೆಕ್ಕ ಹೀಗಿದೆ. 42 ದಿನ, ಕೆಂಪು ಚುಕ್ಕಿ 7. ವೈನ್ ಇಲ್ಲದ 38 ದಿನದಲ್ಲಿ 4 ಸಲ ಮಾತ್ರ, ಅದರಲ್ಲಿ ಒಂದು ದಿನ ಅಕ್ಕಿ ರೊಟ್ಟಿಗೆ ಒಲೆ ಮುಂದೆ ಎರಡು ಗಂಟೆ ಕೂತಿದ್ದೆ, ಇನ್ನೊಂದು ದಿನ ಆಡಿಟ್. ಕುಡಿದಿದ್ದು 4 ಸಂಜೆ, ಉರಿದಿದ್ದು 3 ಸಲ. ಒಂದು ಮದುವೆ ಮನೆ, ವಿಸ್ಕಿ ಮತ್ತೆ ಪಂದಿ ಕರಿ, ಅದು ಜೋರು. ಒಂದು ಹಳೇ ಭರಣಿಯ ಚಕ್ಕೆ ಹಾಕಿದ ವೈನು. ಚಕ್ಕೆ ಇಲ್ಲದೆ ಹೊಸದಾಗಿ ಹಾಕಿದ್ದನ್ನ ಎರಡು ಸಲ ಅರ್ಧ ಗ್ಲಾಸ್ ತಗೊಂಡೆ, ಒಲೆ ಬಿಟ್ಟು ಜಗಲಿಯಲ್ಲಿ ಕೂತು. ಒಂದು ಸಲ ಏನೂ ಆಗ್ಲಿಲ್ಲ, ಒಂದು ಸಲ ಸ್ವಲ್ಪ ಬೆಚ್ಚಗಾಯ್ತು. ಎರಡೇ ಸಲದಿಂದ ಏನೂ ಹೇಳೋಕಾಗಲ್ಲ ಅಂತ ನನಗೂ ಗೊತ್ತು. ಜೆಲ್ಲನ್ನೂ ಈ ಸಲ ತಪ್ಪಿಸದೆ ಹಚ್ಚಿದ್ದೀನಿ, ಹಾಗಾಗಿ ಎಲ್ಲಾ ಪುಣ್ಯ ಕಾಪಿ ಲೋಟಕ್ಕೇ ಕೊಡೋಕೂ ಆಗಲ್ಲ.

ವಿಸ್ಕಿ ಬಿಟ್ಟಾಯ್ತು, ಅದರ ಮೇಲೆ ಆಸೆಯೂ ಇರಲಿಲ್ಲ. ವೈನ್ ಬಗ್ಗೆ ಇನ್ನೂ ತೀರ್ಮಾನ ಮಾಡಿಲ್ಲ. ಹುತ್ತರಿ ತನಕ ನೋಡ್ತೀನಿ. ಮಗಳಿಗೆ ಇದು ಸಮಾಧಾನ ಇಲ್ಲ.

ಭಟ್ಟರೇ, ಐಸ್ ತುಂಡು ರೊಟ್ಟಿ ಸುಡುವಾಗ ಬಾಯಲ್ಲಿಟ್ಕೊಂಡೆ. ಕೆಲಸ ಮಾಡುತ್ತೆ. ಆದ್ರೆ ಅತ್ತೆ ಏನಾದ್ರೂ ಕೇಳಿದ್ರೆ ಉತ್ತರ ಕೊಡೋಕಾಗಲ್ಲ, ಮೌನವ್ರತ ಅಂದುಕೊಂಡಿದ್ದಾರೆ.

ಡಾಕ್ಟ್ರೇ, ಕ್ಯಾಲೆಂಡರ್ ಹಾಳೆಗಳನ್ನ ಮೈಸೂರಿಗೆ ತಗೊಂಡು ಹೋಗಿ ತೋರಿಸೋಣ ಅಂತ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೆ. ಅತ್ತೆ ಬಿಚ್ಚಿ ಮತ್ತೆ ಗೋಡೆಗೆ ಹಾಕಿದ್ದಾರೆ. ಹಾಲಿನವನಿಗೆ ಇನ್ನೂ ಎರಡು ತಿಂಗಳ ದುಡ್ಡು ಕೊಟ್ಟಿಲ್ಲ, ಲೆಕ್ಕ ಅದರಲ್ಲೇ ಇದೆ ಅಂತೆ. ಫೋಟೋ ತೆಗೆದುಕೊಂಡು ಹೋಗ್ತೀನಿ.